ಅಮ್ಮ ಎದುರುಮನೆಗೆ ಹೋಗುವ ಬಗ್ಗೆ

ಇಂದ:
ಮೂಲೆಮನೆಯ ಟೈಲರಮ್ಮ,
ಸ್ಮಾರ್ಟ್ ರಸ್ತೆಯ ಈಚೆ ಬದಿ.

ಗೆ:
ಮುಖ್ಯಾಧಿಕಾರಿಗಳು,
ಜಾಣ ನಗರ ಸಮನ್ವಯ ಕೇಂದ್ರ
(ಎಲ್ಲ ಇಲಾಖೆಗಳೂ ಒಂದೇ ಪರದೆ ನೋಡುವ ಕೊಠಡಿ).

ವಿಷಯ: ಅರ್ಜಿದಾರಳ ತಾಯಿಯವರನ್ನು ಮನುಷ್ಯರೆಂದು ಪರಿಗಣಿಸಿ, ರಸ್ತೆ ದಾಟಲು ಅವಕಾಶ ಕೋರಿ.

ಉಲ್ಲೇಖ: 1. ತಮ್ಮ ಆ್ಯಪ್‌ನಲ್ಲಿ ಕೊಟ್ಟ ದೂರು.
2. ಸದರಿ ದೂರು "ತೃಪ್ತಿಕರವಾಗಿ ಮುಕ್ತಾಯಗೊಂಡಿದೆ" ಎಂದು ಅದೇ ನಿಮಿಷ ಬಂದ ಸಂದೇಶ.

ಮಾನ್ಯರೇ,

ಅರ್ಜಿದಾರಳು ಹೊಲಿಗೆ ಯಂತ್ರದ ಮುಂದೆ ಕೂತು ಇಡೀ ದಿನ ತಮ್ಮ ರಸ್ತೆಯನ್ನೇ ನೋಡುವವಳಾದ ಕಾರಣ, ಈ ಕೆಳಗಿನಂತೆ ಅರಿಕೆ ಮಾಡಿಕೊಳ್ಳುತ್ತಾಳೆ:

1. ಅಮ್ಮನ ಮನೆ ಈಚೆ, ಅಮ್ಮನ ಅಕ್ಕ ದೊಡ್ಡಮ್ಮನದು ಆಚೆ. ಅಮ್ಮ ದಿನಾ ಸಂಜೆ ವಾಕರ್ ಹಿಡಿದು ಹೋಗಿ, ಜಗಳವಾಡಿ, ಮುಖ ಊದಿಸಿಕೊಂಡು ಬರುತ್ತಿದ್ದರು. ಆಗ ರಸ್ತೆಗೆ ಬುದ್ಧಿ ಇರಲಿಲ್ಲವಾದ್ದರಿಂದ ವಾಹನಗಳು ನಿಲ್ಲುತ್ತಿದ್ದವು.

2. ತಾವು ಕಂಬ ನೆಟ್ಟಿರಿ. ಜನ ನಡೆಯುವುದು ಕ್ಯಾಮೆರಾಕ್ಕೆ ಕಂಡರಷ್ಟೇ ದಾಟುವವರಿಗೆ ಹಸಿರು ದೀಪ ಉಳಿಯುತ್ತದೆ. ಅಮ್ಮನಿಗೋ, ನಡೆಯುತ್ತಾ ಮಾತಾಡಲು ಬರುವುದಿಲ್ಲ. ದೊಡ್ಡಮ್ಮ ಬಾಲ್ಕನಿಯಿಂದ "ಏನೇ, ಇವತ್ತೂ ಅದೇ ಸ್ವೆಟರಾ?" ಎಂದರೆ ನಡುರಸ್ತೆಯಲ್ಲಿ ನಿಂತು, "ದಿನಕ್ಕೊಂದು ಹಾಕ್ಕೊಳಕ್ಕೆ ನಾನೇನು ನಿನ್ ಹಾಗೆ ರಾಣಿನಾ?" ಎಂದು ಪೂರ್ತಿ ಉತ್ತರ ಕೊಟ್ಟೇ ಮುಂದಿನ ಹೆಜ್ಜೆ. ಕಾರಣ, ಕಂಬವು ಅಮ್ಮನನ್ನು "ಚಲನರಹಿತ ವಸ್ತು" ಎಂದು ಗುರುತಿಸಿ ಕೆಂಪು ಹಾಕಿತು.

3. ಇಲಾಖೆಗಳ ಸಹಯೋಗಕ್ಕೆ ಕೈ ಮುಗಿಯಬೇಕು! ಸಂಚಾರದವರು ಕಂಡದ್ದು ಕ್ಷಣದಲ್ಲೇ ಕಸದವರಿಗೆ ತಲುಪಿ, ವಾರಸುದಾರರಿಲ್ಲದ ಸಾಮಾನು ಎತ್ತುವ ವ್ಯಾನ್ ಬಂತು. ಚಾಲಕರು ಅಮ್ಮನನ್ನು, ತಮ್ಮ ಕೈಲಿದ್ದ ಪರದೆಯನ್ನು, ಮತ್ತೆ ಅಮ್ಮನನ್ನು ನೋಡಿ, "ಅಜ್ಜಿ, ಇಲ್ಲೊಂದು ಹಳೇ ಕುರ್ಚಿ ಇತ್ತಾ?" ಎಂದು ಕೇಳಿದರು. ಅಮ್ಮ ಅವತ್ತು ಊಟ ಮಾಡಲಿಲ್ಲ.

4. ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿದಾಗ ಅದು ನಂಬರ್ ಪ್ಲೇಟ್ ಇಲ್ಲದ ವಾಹನವಾಯಿತು. ನೋಟಿಸ್ ಬಂತು. ಕಾರು ತರೋಣವೆಂದರೆ ಸ್ಮಾರ್ಟ್ ರಸ್ತೆಯಲ್ಲಿ ಕಾರು ನಿಲ್ಲುವಂತಿಲ್ಲ.

5. ಈಗ ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾರೆ. "ನೋಡೋರು ಬೇಗ ಬಂದು ನೋಡ್ಕೊಳ್ಳಿ" ಎಂದು ಡಾಕ್ಟರು ಹೇಳಿಯಾಗಿದೆ. ತಮ್ಮ ಸಹಾಯವಾಣಿಯ ಹುಡುಗಿ, "ವಿಡಿಯೋ ಕಾಲ್ ಮಾಡಿಸಿ ಮೇಡಂ, ಅದೂ ಸ್ಮಾರ್ಟೇ ಅಲ್ವಾ?" ಎಂದಳು. ಮಾಡಿಸಿದ್ದಾಯಿತು. ದೊಡ್ಡಮ್ಮನಿಗೆ ಮಾತಾಡಲು ತ್ರಾಣವಿರಲಿಲ್ಲ. ಅಮ್ಮ ಅಕ್ಕನ ಕೆನ್ನೆ ಸವರಲು ಹೋಗಿ ಪರದೆ ಮುಟ್ಟಿದ್ದರಿಂದ ಕರೆ ಕಡಿತವಾಯಿತು. ಅಮ್ಮ ಆ ಕಪ್ಪು ಪರದೆಯನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದರು ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.

ಆದ್ದರಿಂದ, ನಾಳೆ ಸಂಜೆ ಅಮ್ಮ ದಾಟಿ ಮುಗಿಸುವವರೆಗೆ ಕಂಬದ ಬುದ್ಧಿಯನ್ನು ಆರಿಸಿಡಬೇಕಾಗಿ ಪ್ರಾರ್ಥನೆ. ಬಸ್ ಡ್ರೈವರ್ ಬಸ್ಸನ್ನು ಅಡ್ಡ ನಿಲ್ಲಿಸಲು, ಕ್ಷೌರದಂಗಡಿಯವರು ಟವೆಲ್ ಬೀಸಲು ಒಪ್ಪಿದ್ದಾರೆ. ಈ ಸಹಯೋಗಕ್ಕೆ ಆ್ಯಪ್ ಬೇಕಾಗಲಿಲ್ಲ. ಅರ್ಜಿದಾರಳು ಕಿಟಕಿಯಿಂದ ಕೂಗಿದ್ದೇ ಸಾಕಾಯಿತು.

ತಮ್ಮ ಕ್ಯಾಮೆರಾಕ್ಕೆ ಹಗಲಿಡೀ ಕಾಣುವ ವಿಶ್ವಾಸಿ,
ಟೈಲರಮ್ಮ

ಅಡಕಗಳು:
1. ಡಾಕ್ಟರ ಚೀಟಿ.
2. ಅಮ್ಮ ವಸ್ತುವಲ್ಲವೆಂದು ಬೀದಿಯವರು ಸಹಿ ಮಾಡಿದ ದೃಢೀಕರಣ.

ವಿ.ಸೂ.: ವಾಪಸ್ ಬರುವಾಗ ಏನು ಮಾಡುವುದೆಂದು ವಿಚಾರಿಸಲಾಗಿ, ಅಮ್ಮ, "ಹೋಗಕ್ಕೆ ಬಿಟ್ರೆ ಸಾಕು ಕಣೇ. ಅವಳಿರೋ ತನಕ ನಾನ್ಯಾಕೆ ಬರ್ಲಿ?" ಎಂದರು. ಕಾರಣ, ಹಿಂದಿರುಗಲು ಹಸಿರು ದೀಪ ಕೋರುವ ಅರ್ಜಿಯನ್ನು, ಎಲ್ಲ ಮುಗಿದ ನಂತರ, ನಿಯಮಾನುಸಾರ ಪ್ರತ್ಯೇಕವಾಗಿ ಸಲ್ಲಿಸಲಾಗುವುದು.