ಕೊನೆಯ ಜಾಗದ ಜಗಳ

ನನ್ನ ಒಂದೇ ಒಂದು ಪ್ರಸಂಗದಿಂದ ಜಹೀರಾಬಾದಿನ ನಮ್ಮ ಕ್ರೈಸ್ತ ಸಭೆಯವರೆಲ್ಲ ಒಂದೇ ವಾರದಲ್ಲಿ ಬದಲಾಗಿಬಿಟ್ಟರು. ಇದು ಬಡಾಯಿಯಲ್ಲ. ಬದಲಾಗದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು!

ನಿಜಾಮರು ಆಳುತ್ತಿದ್ದ ಕಾಲ. ನಾನು ಅಲ್ಲಿನ ಪುಟ್ಟ ದೇವಾಲಯದಲ್ಲಿ ಉಪದೇಶಿಯಾಗಿದ್ದೆ. ಅಂದರೆ ಭಾನುವಾರ ಬೈಬಲ್ ಹಿಡಿದು ಪ್ರಸಂಗ ಮಾಡುವುದು, ಉಳಿದ ದಿನ ಅದನ್ನು ಜನರಿಗೆ ನೆನಪಿಸಿ ಅವರ ನೆಮ್ಮದಿ ಕೆಡಿಸುವುದು. ಮಗಳು ಕರುಣಾಳಿಗೆ ತಾಂಡೂರಿನಿಂದ ಸಂಬಂಧ ಬಂದಿತ್ತು. ಹುಡುಗ ಶಾಲೆ ಮಾಸ್ತರ. ಅವನ ತಂದೆ ಪೇತ್ರಪ್ಪ ರೈಲು ಹಳಿಯ ಮೇಸ್ತ್ರಿ, ಮಾತೂ ಹಳಿಯ ಹಾಗೆ ನೇರ. ಕರುಣಾಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ನಮ್ಮಲ್ಲಿ ನಿಶ್ಚಯದ ದಿನ ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಮಾತು ಪಕ್ಕಾ. ಉಣ್ಣದೆ ಎದ್ದರೆ ಸಂಬಂಧ ಮುರಿಯಿತು ಎಂದೇ ಅರ್ಥ.

ನನಗಿದ್ದ ಭಯವೆಂದರೆ ನಮ್ಮ ಸಭೆಯ ಇಬ್ಬರು ಹಿರಿಯರದು. ಎಲೀಶಪ್ಪ ಮತ್ತು ದಾನಿಯೇಲಪ್ಪ ಯಾವ ಊಟಕ್ಕೆ ಹೋದರೂ ಮೊದಲನೆಯ ಜಾಗಕ್ಕೆ ಕಾದಾಡುವವರು. ಬೀಗರ ಮುಂದೆ ಮಾನ ಹೋಗಬಾರದೆಂದು ಹಿಂದಿನ ಭಾನುವಾರ ದೀನತೆಯ ಮೇಲೆ ಪ್ರಸಂಗ ಮಾಡಿದೆ. ಔತಣಕ್ಕೆ ಹೋದವನು ಕೊನೆಯ ಜಾಗದಲ್ಲಿ ಕೂರಬೇಕು, ಕರೆದವನೇ ಬಂದು ಮೇಲಕ್ಕೆ ಕೂರಿಸಲಿ ಎಂಬ ನಮ್ಮ ಸ್ವಾಮಿಯ ಬೋಧನೆಯನ್ನು ಕಣ್ಣೀರು ಬರುವಂತೆ ವಿವರಿಸಿದೆ. ಮೊದಲು ನನಗೇ ಬಂತು.

ಪ್ರಸಂಗ ನನಗೆ ಎಷ್ಟು ಹಿಡಿಸಿತೆಂದರೆ ನಾನೂ ಅದನ್ನು ಪಾಲಿಸಲು ನಿರ್ಧರಿಸಿದೆ! ನಾನು ಹೋಗಿ ಚಪ್ಪಲಿಗಳ ಪಕ್ಕ ಕೂರುವುದು. ಪೇತ್ರಪ್ಪ ಹುಡುಕಿಕೊಂಡು ಬಂದು ಕೈ ಹಿಡಿಯುವುದು. ನಾನು ಬೇಡವೆಂದು, ಮತ್ತೆ ಬೇಡವೆಂದು, ಆಮೇಲೆ ಏಳುವುದು. ಅದಕ್ಕಾಗಿ ಕಚೇರಿಯ ಗುಮಾಸ್ತರೊಬ್ಬರ ಶೇರ್ವಾನಿಯನ್ನು ಕೇಳಿ ತಂದೆ.

"ಕಡೀಗಿ ಕೂಡಾಕ ಶೇರ್ವಾನಿ ಯಾಕ್ರಿ?" ಎಂದಳು ಹೆಂಡತಿ ರತ್ನಮ್ಮ.

"ನಿನಗ ತಿಳಿಯಂಗಿಲ್ಲ. ಹರಕ ಅಂಗಿಯಾಂವ ಕಡೀಗಿ ಕುಂತರ ಅದು ಅವನ ಜಾಗಾನೇ ಅಂತಾರ. ಶೇರ್ವಾನಿಯಾಂವ ಕುಂತರ ದೀನತಿ ಅಂತಾರ!"

"ಊಟಕ್ಕ ಕರದವರೇ ನೀವು. ನಿಮ್ಮನ್ನ ಮ್ಯಾಲ ಕರಿಯಾವ್ರು ಯಾರ್ರಿ?"

ಇಂಥ ಸಣ್ಣಪುಟ್ಟ ಪ್ರಶ್ನೆಗಳಿಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ.

ನಿಶ್ಚಯದ ದಿನ ಬೀಗರು ರೈಲಿಳಿದು ಬಂದರು. ಚಪ್ಪರದಲ್ಲಿ ಉದ್ದಕ್ಕೆ ಚಾಪೆ ಹಾಸಿದ್ದೆವು. ಬೀಗರನ್ನು ಮುಂದೆ ಕೂರಿಸಿ, ತಾಟಿಗೆ ಹೋಳಿಗೆ ಬಡಿಸಿದ್ದಾಯಿತು. "ನಮ್ಮವರೂ ಏಳ್ರಿ ಊಟಕ್ಕ!" ಎಂದೆ. ಎಲೀಶಪ್ಪ ಎದ್ದ. ಬೀಗರ ಪಕ್ಕದ ಮೊದಲನೆಯ ಜಾಗವನ್ನು ಕಣ್ಣೆತ್ತಿಯೂ ನೋಡದೆ ಸೀದಾ ಹೋಗಿ ಕೊನೆಯ ಚಾಪೆಯಲ್ಲಿ ಕೂತ. ನನ್ನ ಎದೆ ತುಂಬಿ ಬಂತು. ದಾನಿಯೇಲಪ್ಪನಿಗೆ ಹೊಟ್ಟೆ ಉರಿಯಿತು.

"ಏಳೋ ಎಲೀಶಪ್ಪ. ಅದು ನನ್ನ ಜಾಗ. ನಿನಕಿಂತ ನಾ ಸಣ್ಣಾಂವ."

"ನೀ ಹ್ಯಾಂಗ ಸಣ್ಣಾಂವ?"

"ನಮ್ಮಪ್ಪ ಬಿಟ್ಟಿ ಚಾಕರಿ ಮಾಡ್ಯಾನ. ನಿಮ್ಮಪ್ಪಗ ಹೊಲ ಇತ್ತು!"

"ಹೊಲ ಇತ್ತು, ಬೆಳಿ ಎಲ್ಲಿತ್ತು?"

ದಾನಿಯೇಲಪ್ಪ ಇನ್ನೊಂದು ಚಾಪೆ ತಂದು ಎಲೀಶಪ್ಪನ ಹಿಂದೆ ಹಾಸಿ ಕೂತ. ಎಲೀಶಪ್ಪ ತನ್ನ ಚಾಪೆ ಎಳೆದುಕೊಂಡು ಅವನ ಹಿಂದೆ ಹೋದ. ಇದನ್ನು ಕಂಡ ಸಭೆಯವರಿಗೆ ನನ್ನ ಪ್ರಸಂಗ ನೆನಪಾಯಿತು. ಎಲ್ಲರೂ ಚಾಪೆ ಹಿಡಿದು ಎದ್ದರು! ಪಂಕ್ತಿ ಹಿಂದಕ್ಕೆ ಸರಿಯುತ್ತ ಚಪ್ಪರ ದಾಟಿತು, ಓಣಿ ದಾಟಿತು, ನೆರೆಮನೆಯ ಖಾಜಾಮಿಯಾನ ಆಡಿನ ದೊಡ್ಡಿ ಹೊಕ್ಕಿತು.

ನಾನು ತಡೆಯಬೇಕಿತ್ತು. ಆದರೆ ನನ್ನ ಕೊನೆಯ ಜಾಗ ಕೈಬಿಟ್ಟು ಹೋಗುತ್ತಿತ್ತಲ್ಲ! ನಾನೂ ಒಂದು ಚಾಪೆ ಹಿಡಿದು ಓಡಿದೆ. ದೊಡ್ಡಿಯ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಇನ್ನು ನನಗಿಂತ ಹಿಂದೆ ಹೋಗಲು ಯಾರಿಗೂ ಸಾಧ್ಯವಿರಲಿಲ್ಲ. ಗೆದ್ದೆ!

"ಅರೆ ಸಾಬ್, ನನ್ನ ಬಕರಿಗೋಳಿಗೂ ದಾವತ್ ಅದ ಏನ್ರಿ?" ಎಂದ ಖಾಜಾಮಿಯಾ. ಅವನ ಆಡಿಗೆ ಆಮಂತ್ರಣ ಬೇಕಿರಲಿಲ್ಲ. ಅದು ಆಗಲೇ ಶೇರ್ವಾನಿಯ ಅಂಚು ಮೇಯುತ್ತಿತ್ತು.

ಅಷ್ಟರಲ್ಲಿ ಪೇತ್ರಪ್ಪ ನನ್ನನ್ನೇ ಹುಡುಕುತ್ತ ದೊಡ್ಡಿಗೆ ಬಂದರು. ನಾನು ಬೇಡವೆನ್ನಲು ಬಾಯಿ ತೆರೆದೆ.

"ಉಪದೇಶಿಗಳೇ, ನಮ್ಮ ಬಾಜೂಕ ಕೂಡಾಕ ನಿಮ್ಮ ಮಂದಿಗಿ ಮನಸಿಲ್ಲ. ಹೌದಲ್ಲರಿ? ಊರ ಮಂದಿ ನಮ್ಮನ್ನ ಕಂಡು ದೂರ ಸರೀತಿದ್ರು. ಅದಕ್ಕೇ ನಾವು ಈ ದೇವರ ಕಡಿಗಿ ಬಂದೇವಿ. ಇಲ್ಲಿ ನೀವೂ ಸರದ್ರಿ. ಅದೂ ಬಕರಿ ದೊಡ್ಡಿಗಿ! ನಾವು ಹೊಂಟೇವ್ರಿ."

ಅವರ ದನಿ ನಡುಗುತ್ತಿತ್ತು. ಆಗಲೇ ನನಗೆ ಹೊಳೆದದ್ದು. ಅವರು ಕಂಡದ್ದಾದರೂ ಏನು? ತಮ್ಮ ಮಂದಿಯನ್ನು ಕಂಡು ಒಂದು ಸಭೆಗೆ ಸಭೆಯೇ ಚಾಪೆ ಸುತ್ತಿಕೊಂಡು ಓಡಿದ್ದು! ಅವರ ಹಿಂದೆಯೇ ಚಪ್ಪರಕ್ಕೆ ಓಡಿ, "ಅದು ದೀನತಿ ರೀ..." ಎಂದು ಶುರುಮಾಡಿದೆ. "ಪ್ರಸಂಗ ಬ್ಯಾಡ್ರಿ" ಎಂದರು. ಅಡಿಗೆಮನೆಯ ಬಾಗಿಲಲ್ಲಿ ಕರುಣಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಆಗ ರತ್ನಮ್ಮ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. ಬಂದವಳೇ ಖಾಲಿ ಉಳಿದಿದ್ದ ಆ ಮೊದಲನೆಯ ಜಾಗದಲ್ಲಿ, ಇನ್ನೂ ಏಳದಿದ್ದ ಪೇತ್ರಪ್ಪನವರ ಹೆಂಡತಿಗೆ ತೊಡೆ ತಾಗಿಸಿ ಕೂತುಬಿಟ್ಟಳು. ಬೀಗರು ಉಣ್ಣುವ ಮೊದಲೇ ಹುಡುಗಿಯ ತಾಯಿ ಊಟಕ್ಕೆ ಕೂರುವುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

"ಅಕ್ಕಾ, ನಿಮ್ಮ ತಾಟಿನಾಗಿಂದ ಒಂದು ತುತ್ತು ಕೊಡ್ರಿ. ನಸುಕಿನಿಂದ ಒಲಿ ಮುಂದ ಇದ್ದೀನಿ. ಭಾಳ ಹಸಿವಿ ಆಗ್ಯಾದ."

ಹುಡುಗನ ತಾಯಿ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ನಕ್ಕು, ಹೋಳಿಗೆ ಮುರಿದು ಅವಳ ಬಾಯಿಗಿಟ್ಟರು.

ರತ್ನಮ್ಮ ಬಾಯಲ್ಲಿ ಹೋಳಿಗೆ ಇದ್ದಂತೆಯೇ ಕೂಗಿದಳು: "ಏ ದೊಡ್ಡಿ ಮಂದಿ! ಸಣ್ಣವರಾಗಿದ್ದು ಸಾಕು, ಬೀಗರ ಬಾಜೂಕ ಬಂದು ಕುಂದರ್ರಿ!"

ಜನ ಓಡಿ ಬಂದರು. ಎಲೀಶಪ್ಪ, ದಾನಿಯೇಲಪ್ಪ ಪೇತ್ರಪ್ಪನವರನ್ನು ನಡುವೆ ಕೂರಿಸಿಕೊಂಡು ಉಸಿರಾಡಲೂ ಬಿಡದಂತೆ ಒತ್ತಿದರು. ಗಡಿಬಿಡಿಯಲ್ಲಿ ಬಡಿಸುವವರೂ ಕೂತುಬಿಟ್ಟರು. ನಿಂತವನು ನಾನೊಬ್ಬನೇ. ಅರ್ಧ ಮೇಯ್ದ ಶೇರ್ವಾನಿ ಮಡಚಿ ಸೊಂಟಕ್ಕೆ ಕಟ್ಟಿ, ಸಾರಿನ ಬಕೆಟ್ ಎತ್ತಿಕೊಂಡೆ.

ಒಬ್ಬೊಬ್ಬರ ಮುಂದೆಯೂ ಬಾಗಿ ಬಡಿಸುತ್ತಾ ಹೋದೆ. ಮನಸ್ಸು ನಿಜಕ್ಕೂ ಹಗುರಾಯಿತು. ಆಹಾ, ಸೇವೆ ಎಂದರೆ ಇದು ಅನ್ನಿಸಿತು. ಅನ್ನಿಸಿದ್ದೇ ತಡ, ಯಾರು ಯಾರು ನನ್ನನ್ನು ನೋಡುತ್ತಿದ್ದಾರೆಂದು ತಲೆ ಎತ್ತಿದೆ. ಒಬ್ಬರೂ ನೋಡುತ್ತಿರಲಿಲ್ಲ! ಎಲ್ಲರೂ ಉಣ್ಣುತ್ತಿದ್ದರು. ಸಾರು ಮಾತ್ರ ಪೇತ್ರಪ್ಪನವರ ಧೋತರದ ಮೇಲೆ ಹರಿಯುತ್ತಿತ್ತು.

"ಬೀಗರೇ, ಕೆಳಗ ನೋಡಿ ಬಡಸ್ರಿ!" ಎಂದು ಅವರು ಕಿರುಚಿದರು.

ಬೀಗರೇ ಎಂದರು! ಸಂಬಂಧ ಪಕ್ಕಾ ಆಯಿತು. ಮುಂದೆ ಮದುವೆಯ ಊಟದಲ್ಲಿ ನಾನು ಬಡಿಸಲು ಸೊಂಟ ಕಟ್ಟಿ ನಿಂತರೆ, ಪೇತ್ರಪ್ಪ ಓಡಿ ಬಂದು ಕೈ ಹಿಡಿದು ಮೊದಲನೆಯ ಜಾಗದಲ್ಲೇ ಕೂರಿಸಿದರು. ಗೌರವಕ್ಕಲ್ಲ. ಹೊಸ ಧೋತರ ಉಟ್ಟಿದ್ದರು!