ಕೇಬಲ್ಲಿಗೂ ಚರಗ

ನಮ್ಮ ಸೋದರಮಾವನಿಗೆ ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿ ದೂರ, ಹಂಗೇರಿ ಹತ್ತಿರ! ನಗಬೇಡಿ. ಬಾಗೇವಾಡಿಯ ನನ್ನ ಮನೆಗೆ ಊಟಕ್ಕೆ ಕರೆದರೆ "ಬಸ್ಸಿನಾಗ ಭಾಳ ಗದ್ದಲೋ" ಎಂದು ತಪ್ಪಿಸಿಕೊಳ್ಳುತ್ತಿದ್ದ ಮನುಷ್ಯ, ಸಮುದ್ರದಾಚೆಯ ಒಬ್ಬ ಮೇಷ್ಟ್ರು ನಿನ್ನೆ ಏನು ಪಾಠ ಮಾಡಿದರು ಎಂಬುದನ್ನು ಪಕ್ಕದ ಓಣಿಯ ಸುದ್ದಿಯಂತೆ ಹೇಳುತ್ತಿದ್ದರು.

ಮಾಮಾ ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಭೂಗೋಳದ ಅಧ್ಯಾಪಕರು. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಾಗ ಅವರ ಕಾಲೇಜಿಗೆ ನೆಲದೊಳಗಿಂದ ಗಾಜಿನೆಳೆಯ ಕೇಬಲ್ಲು ಬಂತು. ಅದು ನಾವು ಸಿನಿಮಾ ನೋಡುವ ಇಂಟರ್ನೆಟ್ಟಲ್ಲವಂತೆ. ದೇಶದೇಶಗಳ ಕಾಲೇಜು, ಪ್ರಯೋಗಾಲಯಗಳು ಓದಿಗೆ, ಸಂಶೋಧನೆಗೆ ಅಂತಲೇ ತಮ್ಮತಮ್ಮ ಪಾಲಿನ ಜಾಲ ಹಾಸಿ, ಗಡಿಯಲ್ಲಿ ಒಂದಕ್ಕೊಂದು ಗಂಟು ಹಾಕಿಕೊಂಡದ್ದಂತೆ.

ನಾನು ಸೈಕಲ್ಲಿಗೆ ಪೈಪು ಕಟ್ಟಿಕೊಂಡು ಊರೂರು ಮಾರಿ ಅಂಗಡಿ ಇಟ್ಟವನು. ಯಾವ ವಿಷಯ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ.

"ಇದರಾಗ ಲಾಭ ಯಾರಿಗೆ, ಮಾಮಾ?"

"ಎಲ್ಲಾರಿಗೂ."

"ಅಂದ್ರ ಯಾರಿಗೂ ಇಲ್ಲ ಅನ್ರಿ!"

"ಏ ಅಳಿಯಾ, ಜ್ವಾಳದ ಸುಗ್ಗ್ಯಾಗ ಮುಯ್ಯಾಳು ಹೋಗೂದಿಲ್ಲೇನು? ಇವತ್ತ ಅವನ ಹೊಲಕ್ಕ ನೀ, ನಾಳಿ ನಿನ್ನ ಹೊಲಕ್ಕ ಅವ. ಇದೂ ಹಂಗ. ದೇಶದ ಮಟ್ಟದ ಮುಯ್ಯಾಳು!"

ಈ ಜಾಲದ ಹುಚ್ಚು ಅವರನ್ನು ಎಲ್ಲಿಯೂ ಬಿಡಲಿಲ್ಲ. ಒಮ್ಮೆ ನನ್ನ ತಮ್ಮನಿಗೆ ಹೆಣ್ಣು ನೋಡಲು ಇಂಡಿಗೆ ಹೋದೆವು. ಹಿರಿಯರೆಂದು ಮಾಮಾನೂ ಬಂದರು. ಹೆಣ್ಣಿನ ಅಪ್ಪ ಲಿಂಬೆ ತೋಟದವರು, ಶರಬತ್ತು ಕೊಟ್ಟು, ಸುಮ್ಮನೆ ಮಾತಿಗೆ ಮಾತೆಂದು "ಕಾಲೇಜು ಹೆಂಗ ನಡದೈತ್ರಿ?" ಎಂದುಬಿಟ್ಟರು. ಕೇಳಬೇಕೆ! ಕೂದಲಿನಷ್ಟು ಸಣ್ಣ ಗಾಜಿನೊಳಗೆ ಬೆಳಕು ಓಡುವುದು, ಸಮುದ್ರದ ತಳದಲ್ಲಿ ಅದು ಮಲಗಿರುವುದು, ಎಲ್ಲ ಬಂತು. ಕೊನೆಗೆ ಬೀಗರಾಗಬೇಕಿದ್ದವರು ಸುಸ್ತಾಗಿ ಕೇಳಿದರು, "ಎಲ್ಲಾ ಖರೆ ಐತ್ರಿ ಸರ, ಹುಡುಗ ಏನ್ ಮಾಡ್ತಾನ?"

"ಹುಡುಗ ಇರಲಿ ಬಿಡ್ರಿ, ಅವನದೇನು ದೊಡ್ಡ ವಿಷಯ!"

ಸಂಬಂಧ ಅಲ್ಲಿಗೇ ತುಂಡಾಯಿತು. ನನ್ನ ಸಲಹೆ ಬರೆದಿಟ್ಟುಕೊಳ್ಳಿ: ಹೆಣ್ಣು ನೋಡಲು ಹೋಗುವಾಗ ಅಧ್ಯಾಪಕರನ್ನು ಮನೆಯಲ್ಲಿ ಬಿಟ್ಟು ಹೋಗಿ.

ಮಾಮಾನಿಗೆ ಇದ್ದದ್ದು ಒಂದೇ ಆಸೆ. ತಮ್ಮ ವಿದ್ಯಾರ್ಥಿಗಳೂ ಹಂಗೇರಿಯ ವಿದ್ಯಾರ್ಥಿಗಳೂ ಪರದೆಯ ಮೇಲೆ ಎದುರುಬದುರು ಕೂತು ಎರೆಮಣ್ಣಿನ ಬಗ್ಗೆ ಒಂದು ಪಾಠ ಮಾಡಬೇಕು. ಬೇಸಿಗೆಗೆ ಬಾಯಿ ಬಿಡುವ, ಮಳೆಗೆ ಕಾಲಿಗೆ ಮೆತ್ತುವ ನಮ್ಮ ಕರಿ ಮಣ್ಣು ಅಲ್ಲಿಯೂ ಇದೆಯಂತೆ! ಅವರೂ ಒಪ್ಪಿದರು, ದಿನವೂ ಗೊತ್ತಾಯಿತು. ಆ ದಿನ ಬೆಳಿಗ್ಗೆಯೇ ಕೇಬಲ್ಲು ಕಡಿಯಿತು. ಯಾರೋ ರೈತ ನೀರಿನ ಪೈಪು ಹೂಳಲು ರಸ್ತೆಯ ಪಕ್ಕ ಅಗೆದಿದ್ದ.

"ಯಾರ ಅಂಗಡ್ಯಾಂದು ಆ ಪೈಪು?" ಮಾಮಾ ಕಣ್ಣು ಕೆಂಪಗೆ ಮಾಡಿ ಕೇಳಿದರು.

"ಚಾ ಕುಡೀತೀರೇನ್ರಿ, ಮಾಮಾ?" ಎಂದೆ ನಾನು.

ಎರಡನೆಯ ಸಲವೂ ಹೀಗೇ ಕಡಿಯಿತು. (ಆ ಪೈಪು ನನ್ನದಲ್ಲ, ದೇವರಾಣೆ!) ಹಂಗೇರಿಯವರು ಬಹಳ ಮರ್ಯಾದೆಯಿಂದ, ಜನವರಿಯಲ್ಲಿ ಕೊನೆಯದಾಗಿ ಒಂದು ದಿನ ಕೊಡುತ್ತೇವೆ, ಅದೂ ತಪ್ಪಿದರೆ ಸರದಿ ಬೇರೆ ದೇಶಕ್ಕೆ ಹೋಗುತ್ತದೆ ಎಂದರು. ಮಾರ್ಚಿಗೆ ಮಾಮಾನ ನಿವೃತ್ತಿ. ಇನ್ನೊಂದು ಸಲ ಎನ್ನಲು ಅವರ ಬಳಿ ವರ್ಷವೇ ಉಳಿದಿರಲಿಲ್ಲ.

"ಕಾವಲಿಗೆ ಆಳು ಇಡ್ರಿ," ಎಂದೆ.

"ಆಳು ನಿದ್ದಿ ಮಾಡ್ತಾನೋ. ಬ್ಯಾರೇ ಹಂಚಿಕಿ ಐತಿ."

ಎಳ್ಳಮಾವಾಸ್ಯೆ ಬಂತು. ಬಸುರಿ ಭೂಮಿತಾಯಿಗೆ ಬಯಕೆಯ ಊಟವೆಂದು ಹೊಲದ ತುಂಬ ಅಡುಗೆಯ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವ ಹಬ್ಬ. ಮಾಮಾ ಅಂದು ಸಜ್ಜಿರೊಟ್ಟಿ, ಶೇಂಗಾಹೋಳಿಗೆ, ಪುಂಡಿಪಲ್ಯ, ಕಡಬು ತುಂಬಿದ ಬುಟ್ಟಿಗಳೊಂದಿಗೆ, ಎರಡು ಸಲ ಕೇಬಲ್ಲು ಕಡಿದ ರಸ್ತೆಯ ಬದಿಗೇ ಬಂದರು. ಸುತ್ತಲಿನ ರೈತರನ್ನೆಲ್ಲ ಕರೆದು ಪಾಠದ ದಿನವನ್ನೂ ಹೇಳಿದರು. ಧೋತರ ಎತ್ತಿ ಕಟ್ಟಿ, ಕೇಬಲ್ಲು ಹೋದ ಗೆರೆಯ ಗುಂಟ ಚರಗ ಚೆಲ್ಲುತ್ತ ನಡೆದರು!

ಬಿಳಿ ಮೀಸೆಯ ಮುದುಕರೊಬ್ಬರು ತಡೆಯಲಾರದೆ ಕೇಳಿದರು, "ಸರ, ಭೂಮಿತಾಯಿಗೆ ಚರಗ ಸರಿ. ಕೇಬಲ್ಲಿಗ್ಯಾಕ್ರಿ?"

"ಅದು ಆಕಿ ಹೊಟ್ಟ್ಯಾಗೇ ಐತಲ್ಲೋ ಯಜಮಾನಾ! ಬಸುರಿಗೆ ಉಣ್ಣಿಸಿದ್ರ ಕೂಸಿಗೂ ಮುಟ್ಟತೈತಿ."

ಮುದುಕರು ಹೋಳಿಗೆ ಹಿಡಿದ ಕೈ ತಡೆದು ಯೋಚಿಸಿದರು. "ಹಂಗಾದ್ರ ಇಲ್ಲಿ ಗುದ್ದಲಿ ಹಾಕಿದ್ರ ಪಾಪ ಬರತೈತೇನ್ರಿ?"

"ನಾ ಯಾಕ ಹೇಳ್ಲಿ? ನಿಮಗ ತಿಳೀತದ," ಎಂದು ಮಾಮಾ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ನಾನು ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ; ಇಷ್ಟು ಅಗ್ಗದಲ್ಲಿ ಇಷ್ಟು ಗಟ್ಟಿಯಾದ ಕರಾರು ಕಂಡವನಲ್ಲ.

ಪಾಠದ ದಿನ ಕರೆಂಟು ಹೋದರೆ ಎಂದು ನನ್ನ ಜನರೇಟರನ್ನು ಕಾಲೇಜಿಗೆ ತರಿಸಿಕೊಂಡರು.

"ಬಾಡಿಗಿ?" ಎಂದೆ.

"ಮುಯ್ಯಾಳು."

"ತಿರುಗಿ ನೀವೇನ್ ಕೊಡ್ತೀರಿ?"

"ಹಂಗೇರಿ ತೋರಸ್ತೇನಿ, ನಡಿ!"

ಪರದೆ ಬೆಳಗುವ ಹೊತ್ತಿಗೆ ನನ್ನ ಮೊಬೈಲು ಬಡಿದುಕೊಂಡಿತು. ಆ ಬಿಳಿ ಮೀಸೆಯ ಮುದುಕರು. "ಸಾವ್ಕಾರ್ರ, ರಸ್ತಾ ಅಗಲ ಮಾಡಾಕ ಜೆಸಿಬಿ ಬಂದೈತ್ರಿ. ಚರಗ ಚೆಲ್ಲಿದ ಜಾಗಾ, ಬ್ಯಾಡೋ ಅಂದ್ರ ಡ್ರೈವರ್ ಕೇಳವಲ್ಲ. ಅದಕ್ಕ ನಾವೆಲ್ಲ ಕೇಬಲ್ಲಿನ ಮ್ಯಾಲೇ ಕುಂತೇವಿ. ಸರ್ ಪಾಠ ಮುಗಿದ ಮ್ಯಾಲ ಹೇಳ್ರಿ, ಏಳ್ತೇವಿ."

ಮಾಮಾನಿಗೆ ನಾನು ಏನೂ ಹೇಳಲಿಲ್ಲ. ಪರದೆಯ ಮೇಲೆ ಕಿಟಕಿಯಾಚೆ ಹಿಮ, ಕಿಟಕಿಯೊಳಗೆ ಕೆಂಪು ಕೆನ್ನೆಯ ಹುಡುಗ ಹುಡುಗಿಯರು! ನಮ್ಮ ಹುಡುಗಿಯರು ಬಿರುಕು ಬಿಟ್ಟ ಮಣ್ಣಿನ ಹೆಂಟೆ ತೋರಿಸಿದರು, ಅವರು ತಟ್ಟೆಯಲ್ಲಿ ಹಸಿ ಮಣ್ಣು ತೋರಿಸಿದರು. ಅಲ್ಲಿಯೂ ಸೂರ್ಯಕಾಂತಿ ಬೆಳೆಯುತ್ತಾರೆಂದು ಗೊತ್ತಾದಾಗ ಎರಡೂ ಕಡೆ ಚಪ್ಪಾಳೆ. ಕೊನೆಗೆ ಅಲ್ಲಿಯ ಮೇಷ್ಟ್ರು ಕೇಳಿದರು: ಇಷ್ಟು ದೇಶಗಳಿರುವಾಗ ನೀವು ನಮ್ಮನ್ನೇ ಯಾಕೆ ಹುಡುಕಿಕೊಂಡು ಬಂದಿರಿ?

ಮಾಮಾ ಇಂಗ್ಲಿಷು ಬಿಟ್ಟು ಕನ್ನಡದಲ್ಲೇ ಹೇಳಿದರು. "ನಾವು ಹಳೇ ಕೊಲ್ಹಾರದವ್ರು. ನಮ್ಮಪ್ಪನ ಹೊಲ ಆಣೆಕಟ್ಟಿನ ಹಿನ್ನೀರಿನಾಗ ಹೋತ್ರಿ. ಅಂಥಾ ಮಣ್ಣು ಜಗತ್ತಿನಾಗ ಮತ್ತೆಲ್ಲಿ ಐತಿ ಅಂತ ಹುಡುಕಾಕತ್ತಿದ್ದೆ. ನೀವು ಸಿಕ್ರಿ."

ಪಕ್ಕದಲ್ಲಿದ್ದ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹಂಗೇರಿಯ ಮೇಷ್ಟ್ರು ತಟ್ಟೆಯ ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ, ಬೆರಳು ಬಿಚ್ಚಿ, ಕ್ಯಾಮೆರಾದ ಹತ್ತಿರಕ್ಕೆ ತಂದರು. ಉಂಡೆಯ ಮೇಲೆ ಐದೂ ಬೆರಳಿನ ಗುರುತು ಮೂಡಿತ್ತು. ಮಾಮಾ ಪರದೆಗೆ ಅಂಗೈ ಹಚ್ಚಿ ನಿಂತುಬಿಟ್ಟರು.

ಅಷ್ಟರಲ್ಲಿ ನನ್ನ ಮೊಬೈಲು ಮತ್ತೆ ನಡುಗಿತು. ಹೊರಗೆ ಬಂದು ಎತ್ತಿದೆ.

"ಮುಗೀತೇನ್ರಿ ಸಾವ್ಕಾರ್ರ? ಏಳೂಣೇನು?"

ಬಾಗಿಲ ಸಂದಿಯಿಂದ ಮಾಮಾನನ್ನು ನೋಡಿದೆ.

"ಇನ್ನೊಂದೀಟು ಹೊತ್ತು ಕುಂದರ್ರೀ ಯಜಮಾನ್ರ," ಎಂದೆ.