ಸಣ್ಣ ಕೋಣೆಯ ದೊಡ್ಡ ವಿಮಾನ

ಕೆಲವರ ಜಾತಕದಲ್ಲಿ ಧನಯೋಗ ಇರುತ್ತದೆ, ಕೆಲವರದರಲ್ಲಿ ವಿದೇಶಯೋಗ. ನನ್ನದರಲ್ಲಿ ನಗೆಪಾಟಲಿನ ಯೋಗವನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಸುಮ್ಮನೆ ಕಟ್ಟೆಯ ಮೇಲೆ ಕುಳಿತರೂ ಏನಾದರೊಂದು ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಅಂಥವನು ವಿಮಾನ ಹಾರಿಸಲು ಹೊರಟರೆ ಕೇಳಬೇಕೆ?

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ಶಹಾಪುರದ ಹತ್ತಿರ ನೀರಾವರಿ ಇಲಾಖೆಯ ಕಾಲುವೆ ಕ್ಯಾಂಪಿನಲ್ಲಿ ಮೆಕ್ಯಾನಿಕ್. ಗೇಟು ತುಕ್ಕು ಹಿಡಿದರೆ ಗ್ರೀಸು ಹಚ್ಚುವುದು, ಪಂಪು ಕೆಮ್ಮಿದರೆ ಬಿಚ್ಚಿ ನೋಡುವುದು ನನ್ನ ನೌಕರಿ. ಹುಚ್ಚು ಮಾತ್ರ ವಿಮಾನದ್ದು. ಒಮ್ಮೆ ಹೈದರಾಬಾದಿನಲ್ಲಿ ರಿಮೋಟಿನಿಂದ ಹಾರಿಸುವ ದೊಡ್ಡ ಮಾದರಿ ವಿಮಾನಗಳ ಪ್ರದರ್ಶನ ನೋಡಿದೆ. ಮಕ್ಕಳ ಆಟಿಕೆ ಅಂದುಕೊಳ್ಳಬೇಡಿ. ಒಂದೊಂದರ ರೆಕ್ಕೆ ಮಂಚಕ್ಕಿಂತ ಉದ್ದ, ಒಳಗೆ ಪೆಟ್ರೋಲ್ ಎಂಜಿನ್, ಸದ್ದು ಕೇಳಿದರೆ ನಾಯಿಗಳು ಊರು ಬಿಡಬೇಕು. ಮನೆಗೆ ಬಂದವನೇ ಕ್ವಾರ್ಟರ್ಸಿನ ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತೆ. ಮೂರು ವರ್ಷ ಹಿಡಿಯಿತು. ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್, ಹಗುರ ಕಟ್ಟಿಗೆಯ ಎಲುಬು, ಮೇಲೆ ಹಳದಿ ಹೊದಿಕೆ. ರೆಕ್ಕೆ ಒಂಬತ್ತು ಅಡಿ, ಕೋಣೆ ಹತ್ತು ಅಡಿ.

ನನ್ನ ಹೆಂಡತಿ ಕ್ಯಾಂಪಿನ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುತ್ತಾಳೆ. ಅವಳ ಹೊಲಿಗೆ ಯಂತ್ರ ಇದ್ದದ್ದು ಅದೇ ಕೋಣೆಯಲ್ಲಿ. ವಿಮಾನ ಬೆಳೆದಂತೆ ಯಂತ್ರ ಮೊದಲು ಪಡಸಾಲೆಗೆ, ಆಮೇಲೆ ಅಡುಗೆಮನೆಗೆ ಹೋಯಿತು. ಗಿರಾಕಿಗಳ ಜಂಪರು ಒಗ್ಗರಣೆಯ ವಾಸನೆ ಹೊಡೆಯತೊಡಗಿದ ದಿನ ಅವಳು ನನ್ನ ಮುಂದೆ ಬಂದು ನಿಂತಳು.

"ಏನ್ರಿ, ಈ ಚಳಿಗಾಲದಾಗ ಶಹಾಪುರದಾಗ ವಿಮಾನದ ಪ್ರದರ್ಶನ ಅದ ಅಂತಲ್ಲ? ಅಲ್ಲಿ ಮಂದಿ ಮುಂದ ಇದನ್ನ ಹಾರಿಸಿ, ಮುರೀದಂಗ ಇಳಿಸಿ ತೋರಸ್ರಿ. ನೀವು ಇಳಿಸಿದ್ರ ಕೋಲಿ ನಿಮ್ಮದು, ಜನ್ಮದಾಗ ಕೇಳಂಗಿಲ್ಲ. ಇಲ್ಲಾಂದ್ರ ಕೋಲಿ ನಂದು."

ನಾನು ಹೂಂ ಅಂದೆ. ಅಂದ ಮೇಲೆ ಲೆಕ್ಕ ಹಾಕಿದೆ. ಕೋಣೆ ಹೋದರೆ ವಿಮಾನಕ್ಕೆ ಬೇರೆ ಜಾಗವಿಲ್ಲ, ಬಿಚ್ಚಿ ಮೂಟೆ ಕಟ್ಟುವುದೊಂದೇ ದಾರಿ. ಮೂರು ವರ್ಷದ ಕೂಸನ್ನು ಮೂಟೆ ಕಟ್ಟಲು ಯಾರಿಗೆ ಮನಸ್ಸು ಬರುತ್ತದೆ?

೧. ಮೂರು ನಿಂಬೆಹಣ್ಣು

ಹಾರಿಸಲು ನಾನು ಆರಿಸಿಕೊಂಡದ್ದು ಕಾಲುವೆಯ ದಂಡೆಯ ಮೇಲಿನ ರಸ್ತೆ. ನೆಟ್ಟಗೆ ಗೆರೆ ಕೊರೆದಂತಿದೆ, ಇಲಾಖೆಯ ಜೀಪು ಬಿಟ್ಟರೆ ಗಾಡಿಗಳೂ ಕಡಿಮೆ. ಮೊದಲ ದಿನ ಹೆಂಡತಿಯೂ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕುಂಕುಮ, ಕಾಯಿ, ಊದಿನಕಡ್ಡಿ.

"ಹೊಸ ಗಾಡಿಗೆ ಪೂಜಿ ಇಲ್ದ ಹೆಂಗ ಚಾಲೂ ಮಾಡ್ತೀರಿ?"

ಊದಿನಕಡ್ಡಿಯನ್ನು ಪೆಟ್ರೋಲ್ ಟಾಂಕಿಯಿಂದ ದೂರ ಹಿಡಿ ಎಂದು ಕೈಮುಗಿದು ಬೇಡಿಕೊಂಡೆ. ಅದೊಂದು ಮಾತು ನಡೆಯಿತು. ಎಂಜಿನ್ನಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮುಂದಿನ ಎರಡು ಗಾಲಿಗೆ ಎರಡು, ಬಾಲದ ಗಾಲಿಗೆ ಒಂದು, ಒಟ್ಟು ಮೂರು ನಿಂಬೆಹಣ್ಣು ಇಟ್ಟಳು. ಲಾರಿಯಾದರೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ, ಲಾರಿಯ ದೃಷ್ಟಿ ಹೋಗುತ್ತದೆ. ನನ್ನ ವಿಮಾನದ ತೂಕ ಒಂದು ಹೋತಮರಿಯಷ್ಟು. ನಾನು ಎಂಜಿನ್ ಏರಿಸಿದೆ. ವಿಮಾನ ನಿಂಬೆಹಣ್ಣು ಹತ್ತಿತು, ಅಲ್ಲೇ ಒಂದು ಕ್ಷಣ ಯೋಚನೆ ಮಾಡಿತು, ಆಮೇಲೆ ಮೂಗು ಮುಂದಾಗಿ ಮುಗ್ಗರಿಸಿತು. ಮುಂದಿನ ಪಂಖ ನೆಲಕ್ಕೆ ಬಡಿದು ಎರಡು ತುಂಡಾಯಿತು.

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಹೆಂಡತಿಯ ಮುಖದಲ್ಲಿ ಮಾತ್ರ ಗೆದ್ದ ಕಳೆ.

"ನೋಡ್ರಿ, ದೊಡ್ಡದು ಬರೋದು ಸಣ್ಣದರಾಗ ಹೋತು. ನಿಂಬೆಹಣ್ಣು ಇಟ್ಟಿದ್ದಕ್ಕ ಉಳೀತು!"

ಹೌದು, ಉಳಿದವು. ಮೂರೂ ನಿಂಬೆಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

೨. ಎರಡು ಗಿಳಿ

ಹೊಸ ಪಂಖ ಬೇಕಲ್ಲ. ಸುರಪುರದಲ್ಲಿ ಒಬ್ಬ ಹಿರಿಯ ಬಡಿಗ ಇದ್ದಾನೆ. ತೊಟ್ಟಿಲು, ಬಾಗಿಲ ಚೌಕಟ್ಟು ಕೆತ್ತುವುದರಲ್ಲಿ ಆ ಕಡೆಗೆಲ್ಲ ಅವನ ಕೈಗೆ ಸಾಟಿಯಿಲ್ಲ. ಮುರಿದ ಪಂಖದ ತುಂಡುಗಳನ್ನು ಜೋಡಿಸಿ ತೋರಿಸಿದೆ.

"ಕಾಕಾ, ಹುಬೇಹೂಬ್ ಹಿಂಗ ಬೇಕು. ಎರಡೂ ಕಡಿ ತೂಕ ಒಂದ ಇರಬೇಕ ನೋಡ್ರಿ."

"ನೀವು ಫಿಕರ್ ಮಾಡಬ್ಯಾಡ್ರಿ ಮಿಸ್ತ್ರಿ. ಎಂಟು ದಿನ ಬಿಟ್ಟು ಬರ್ರಿ."

ಎಂಟು ದಿನ ಬಿಟ್ಟು ಹೋದೆ. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ಬಿಚ್ಚಿ ನೋಡಿದೆ. ಪಂಖದ ಉದ್ದಕ್ಕೂ ಬಳ್ಳಿ, ಬಳ್ಳಿಯಲ್ಲಿ ಹೂವು, ಎರಡು ತುದಿಗೆ ಎರಡು ಗಿಳಿ. ಒಂದೊಂದು ಪುಕ್ಕವನ್ನೂ ಬಿಡಿಸಿದ್ದ.

"ಬರೇ ಕಟಿಗಿ ಛಂದ ಕಾಣಂಗಿಲ್ರಿ," ಅಂದ.

ನಡುವಿನ ತೂತಿಗೆ ಮೊಳೆ ಹಾಕಿ ಹಿಡಿದೆ. ಒಂದು ಕಡೆ ಸರ್ರನೆ ಕೆಳಗೆ ಇಳಿಯಿತು. ತೂಕ ಸರಿಯಿಲ್ಲದ ಪಂಖ ತಿರುಗಿದರೆ ಎಂಜಿನ್ ಕಿತ್ತುಕೊಂಡು ಬರುತ್ತದೆ. "ಕಾಕಾ, ಈ ಗಿಳಿ ಭಾರ ಅದಲ್ಲ!" ಎಂದು ಅಳುವುದೊಂದು ಬಾಕಿಯಿಟ್ಟು ಹೇಳಿದೆ.

ಅವನು ಕನ್ನಡಕ ಏರಿಸಿ, ನನ್ನನ್ನು ಏನೂ ತಿಳಿಯದವನಂತೆ ನೋಡಿ, ಮೆಲ್ಲಗೆ ಹೇಳಿದ:

"ಅದು ಹೆಣ್ಣ ಗಿಳೀರಿ. ಬಸರಿ ಅದ."

ಕೊನೆಗೆ ಹೈದರಾಬಾದಿನಿಂದ ಬೇರೆ ಪಂಖ ತರಿಸಿದೆ. ಗಿಳಿಗಳು ಇವತ್ತಿಗೂ ನಮ್ಮ ಬಾಗಿಲ ಮೇಲಿವೆ. ಬಂದವರೆಲ್ಲ ಅವನ್ನು ನೋಡಿ ಹೊಗಳುತ್ತಾರೆ, ವಿಮಾನವನ್ನು ಯಾರೂ ಕೇಳುವುದಿಲ್ಲ.

೩. ಮುದುಕಿಯ ಹೊಲ

ಹೊಸ ಪಂಖ ಹಾಕಿದ ಮೇಲೆ ವಿಮಾನ ಹಾರಿತು. ನಿಜವಾಗಿಯೂ ಹಾರಿತು! ಆ ದಿನ ನನಗಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಯ ಮುಂದೆ ಅಂದದ್ದು ನನ್ನ ತಪ್ಪು.

ಆರನೆಯದೋ ಏಳನೆಯದೋ ಸಲ ಎಂಜಿನ್ ಮೇಲೆಯೇ ನಿಂತುಹೋಯಿತು. ವಿಮಾನ ತೇಲುತ್ತ ಹೋಗಿ ಒಂದು ಹತ್ತಿ ಹೊಲದಲ್ಲಿ ಮೆತ್ತಗೆ ಕುಳಿತಿತು. ಓಡಿ ಹೋಗಿ ನೋಡಿದರೆ ಹೊಲದೊಡತಿ ಮುದುಕಿ ಅದರ ಬಾಲಕ್ಕೆ ಹಗ್ಗ ಬಿಗಿದು ಬೇವಿನ ಗಿಡಕ್ಕೆ ಕಟ್ಟಿದ್ದಳು.

"ಯವ್ವಾ, ಅದು ವಿಮಾನ. ಓಡಿಹೋಗಂಗಿಲ್ಲ."

"ಎಮ್ಮಿ ಆಗ್ಲಿ, ವಿಮಾನ ಆಗ್ಲಿ, ಹೊಲ ಹೊಕ್ಕಿದ್ದು ಹೊಕ್ಕಿದ್ದ. ಹತ್ತು ಗಿಡ ಮುರದಾವ ನೋಡು ತಮ್ಮಾ. ನಾಕು ಸಾಲು ಕಸ ತಗದು ಬಿಡಿಸ್ಕೊಂಡು ಹೋಗು."

ನ್ಯಾಯ ಅವಳ ಕಡೆಗಿತ್ತು. ಸರಕಾರಿ ನೌಕರ, ಖಾಕಿ ಅಂಗಿ ಹಾಕಿಕೊಂಡೇ ಹೊತ್ತು ಮುಳುಗುವವರೆಗೆ ಬಗ್ಗಿ ಕಳೆಕಸ ಕಿತ್ತೆ. ನಡು ಮೂರು ದಿನ ನೆಟ್ಟಗಾಗಲಿಲ್ಲ.

ಮುಂದೆ ಹದಿನೈದು ದಿನಕ್ಕೆ ಮತ್ತೆ ಅದೇ ಕಡೆ ಹಾರಿಸಿದೆ. ನೋಡುತ್ತೇನೆ, ಮುದುಕಿ ಬದುವಿನ ಮೇಲೆ ನಿಂತು, ಸೆರಗು ಬೀಸಿ ವಿಮಾನವನ್ನು "ಬಾ, ಬಾ" ಎಂದು ಕರೆಯುತ್ತಿದ್ದಾಳೆ. ಕಸ ಮತ್ತೆ ಬೆಳೆದಿತ್ತು.

೪. ನೀರು ಹರಿಸಿದ ವಿಮಾನ

ನಮ್ಮ ಕಾಲುವೆಯದು ಹಳೆಯ ಗೋಳು. ಮೇಲಿನ ಹೊಲದವರು ಕಾಲುವೆಗೆ ಕಳ್ಳ ಪೈಪು ಇಳಿಬಿಟ್ಟು ನೀರು ಎಳೆದುಕೊಳ್ಳುತ್ತಾರೆ. ಕೊನೆಯ ಹೊಲದವರಿಗೆ ಕಾಲುವೆ ಇದೆ, ನೀರಿಲ್ಲ. ನೋಟಿಸು ಹಚ್ಚಿದರೆ ನೋಟಿಸಿನ ಗೂಟಕ್ಕೇ ಪೈಪು ಕಟ್ಟುವ ಜನ.

ಪ್ರದರ್ಶನ ಹತ್ತಿರ ಬಂದಿತ್ತು. ಒಂದು ವಾರ ನಾನು ದಿನಾ ಬೆಳಿಗ್ಗೆ ಕಾಲುವೆಯ ಗುಂಟ ವಿಮಾನ ಹಾರಿಸಿದೆ. ಐದನೆಯ ದಿನ ಒಂದು ಟ್ರ್ಯಾಕ್ಟರಿನ ತುಂಬ ಜನ ಕ್ಯಾಂಪಿಗೆ ಬಂದು ಇಳಿದರು. ಎಲ್ಲರೂ ಕೊನೆಯ ಹೊಲದವರು. ಜಗಳಕ್ಕೆ ಬಂದರೆಂದು ನಾನು ವರ್ಕ್‌ಶಾಪಿನ ಹಿಂಬಾಗಿಲ ಕಡೆ ಸರಿದೆ. ಹಿಡಿದು ನಿಲ್ಲಿಸಿ ಕೊರಳಿಗೆ ಹಾರ ಹಾಕಿದರು!

"ಮಿಸ್ತ್ರಿ, ನಮ್ಮ ಹೊಲಕ್ಕ ನೀರು ಬಂದಾವ! ನಮ್ಮ ಅಪ್ಪನ ಕಾಲದಾಗೂ ಬಂದಿದ್ದಿಲ್ಲ. ನಿಮ್ಮ ವಿಮಾನ ಬಂದ್ ಮಾಡಬ್ಯಾಡ್ರಿ."

ಆಮೇಲೆ ತಿಳಿಯಿತು. ಪೈಪು ಹಾಕಿದವರ ಫೋಟೋ ತೆಗೆಯಲು ಇಲಾಖೆ ವಿಮಾನ ಬಿಟ್ಟಿದೆ ಎಂದು ಹೆದರಿ ಮೇಲಿನ ಹೊಲದವರೆಲ್ಲ ರಾತ್ರೋರಾತ್ರಿ ಪೈಪು ಕಿತ್ತುಕೊಂಡಿದ್ದರು. ನಮ್ಮ ಎಂಜಿನಿಯರ್ ಸಾಹೇಬರು ಮಾತ್ರ ಏನೂ ಗೊತ್ತಿಲ್ಲದವರಂತೆ, "ಪ್ರ್ಯಾಕ್ಟೀಸು ಛಲೋ ನಡಸ್ರಿ, ನಿಮಗ ಮುಂಜಾನೆ ಬ್ಯಾರೆ ಕೆಲಸ ಹಚ್ಚಂಗಿಲ್ಲ," ಅಂದರು.

ಅಂದೇ ಸಂಜೆ ಮೇಲಿನ ಹೊಲದ ಒಬ್ಬ ಗೌಡರು ಒಂದು ಗಡಿಗೆ ಮಜ್ಜಿಗೆ ಹಿಡಿದು ಮನೆಗೆ ಬಂದರು. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳಿದರು: "ಫೋಟೋದಾಗ ನಮ್ಮ ಪೈಪು ಬಂದದೇನ್ರಿ? ಬಂದಿದ್ರ ಜರಾ ಅಳಸ್ರಿ."

ನಾನು ಸತ್ಯವಂತ. "ಗೌಡ್ರ, ಅದರಾಗ ಕ್ಯಾಮೆರಾನ ಇಲ್ರಿ," ಅಂದೆ.

ಗೌಡರು ಮಜ್ಜಿಗೆಯ ಗಡಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಕೇಳಿದರು:

"ಹಂಗಾರ ಪೈಪು ಮತ್ತ ಇಳಿಬಿಡ್ಲೇನು?"

೫. ಸನ್ಮಾನ

ಪ್ರದರ್ಶನದ ದಿನ ಬಂತು. ಶಹಾಪುರದ ಮೈದಾನದ ತುಂಬ ಜನ. ಎದುರಿಗೆ ನಮ್ಮ ಮಲಗಿದ ಬುದ್ಧನ ಗುಡ್ಡ. ಬುದ್ಧ ಅಂಗಾತ ಮಲಗಿದಂತೆ ಕಾಣುವುದರಿಂದ ಆ ಹೆಸರು. ನಾನು ಗುಡ್ಡಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಬುದ್ಧನ ತಲೆ, ಬಲಕ್ಕೆ ಕಾಲು, ನಡುವೆ ಸುಣ್ಣದ ಗೆರೆ ಹಾಕಿದ ಇಳಿಯುವ ಹಾದಿ. ಹೆಂಡತಿ ಹೆಂಗಸರ ಸಾಲಿನಲ್ಲಿ ಮೊದಲ ಕುರ್ಚಿ ಹಿಡಿದಿದ್ದಳು. ಕೋಣೆಯ ಅಳತೆಗೆಂದು ಟೇಪು ಕೂಡ ಚೀಲದಲ್ಲಿ ತಂದಿದ್ದಳು ಎಂದು ಆಮೇಲೆ ಗೊತ್ತಾಯಿತು.

ಹತ್ತು ಗಂಟೆಗೆ ಬರಬೇಕಾದ ಮುಖ್ಯ ಅತಿಥಿಗಳು ಮಧ್ಯಾಹ್ನ ಒಂದು ಗಂಟೆಯಾದರೂ ಬರಲಿಲ್ಲ. ಕಾಯ್ದು ಕಾಯ್ದು ನನ್ನ ಸರದಿಗೆ ವಿಮಾನ ಏರಿಸಿದೆ. ಹೂವಿನಂತೆ ಎದ್ದಿತು. ಗುಡ್ಡದ ಮೇಲೆ ಎರಡು ಸುತ್ತು, ಒಂದು ಲಾಗ. ಜನ ಸಿಳ್ಳೆ ಹಾಕಿದರು, ನನ್ನ ಕಣ್ಣು ತುಂಬಿ ಬಂತು. ಟಾಂಕಿಯಲ್ಲಿದ್ದದ್ದು ಹತ್ತು ನಿಮಿಷದ ಪೆಟ್ರೋಲು. ಎಂಟು ನಿಮಿಷ ಆಗುವಷ್ಟರಲ್ಲಿ ಅತಿಥಿಗಳ ಕಾರು ಬಂತು.

ಮೈಕು ಹಿಡಿದ ಮಾಸ್ತರರು ಕೂಗಿದರು: "ನಮ್ಮ ನೆಲದ ಹೆಮ್ಮೆ, ಈ ವಿಮಾನದ ಸರದಾರ ವೇದಿಕೆಗೆ ಬರಬೇಕು! ಸನ್ಮಾನ!"

ಕಾರ್ಯಕರ್ತನೊಬ್ಬ ಓಡಿ ಬಂದ. "ಬರ್ರಿ ಸರ, ಸಾಹೇಬ್ರಿಗೆ ಯಾದಗಿರ್ಯಾಗ ಇನ್ನೊಂದು ಕಾರ್ಯಕ್ರಮ ಅದ."

"ವಿಮಾನ ಮ್ಯಾಲ ಅದ ರೀ!"

"ಇರ್ಲಿ ಬಿಡ್ರಿ, ಅದಕ್ಕೇನು ಅವಸರ?"

ನಾನು ಕದಲಲಿಲ್ಲ. ಸನ್ಮಾನವೇ ನನ್ನ ಕಡೆ ನಡೆದು ಬಂತು. ಅತಿಥಿಗಳು, ಅವರ ಹಿಂದೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋದಲ್ಲಿ ಬರಬೇಕೆಂದಿದ್ದ ಇಪ್ಪತ್ತು ಜನ. ಸುತ್ತ ಗೋಡೆ ಕಟ್ಟಿದಂತೆ ನಿಂತರು. ಶಾಲು ಹೊದಿಸಿ ಭುಜ ಬಿಗಿದರು. ಹಾರ ಮೂಗಿನವರೆಗೆ ಬಂತು. ಪೇಟವನ್ನು ಯಾರ ತಲೆಯ ಅಳತೆಗೆ ಮಾಡಿಸಿದ್ದರೋ, ಹಣೆ ದಾಟಿ ಸೀದಾ ಕಣ್ಣಿನ ಮೇಲೆ ಇಳಿಯಿತು. ಕತ್ತಲು!

"ಪೇಟ ಎತ್ರಿ! ನನಗ ಕಾಣವಲ್ದು!" ಎಂದು ಕೂಗಿದೆ. ನನ್ನ ಎರಡೂ ಹೆಬ್ಬೆರಳು ರಿಮೋಟಿನ ಕಡ್ಡಿಗಳ ಮೇಲಿದ್ದವು. ಬಿಟ್ಟರೆ ವಿಮಾನ ಬೀಳುತ್ತದೆ. ಅತಿಥಿಗಳು ಪೇಟವನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದರು. ಫೋಟೋ ಆಗುವವರೆಗೆ ಕೈ ತೆಗೆಯುವ ಪದ್ಧತಿ ಎಲ್ಲಿದೆ?

"ಸರ, ಫ್ಲಾಶ್ ಹತ್ತಲಿಲ್ಲ. ಇನ್ನೊಂದ್ಸಲ. ಸನ್ಮಾನಿತ್ರು ಜರಾ ನಗ್ರಿ!" ಎಂದು ಫೋಟೋಗ್ರಾಫರ್ ಕೂಗಿದ.

ಮೇಲೆ ಎಂಜಿನ್ ಕೆಮ್ಮಿದ್ದು ಕೇಳಿತು. ಪೆಟ್ರೋಲ್ ಮುಗಿಯುತ್ತಿತ್ತು. ಮುಗಿಯಿತು, ಕೋಣೆಯೂ ಹೋಯಿತು, ವಿಮಾನವೂ ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಜನರ ಗೋಡೆಯ ಹೊರಗಿನಿಂದ ಒಂದು ದನಿ ಬಂತು. ಹೆಂಡತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು.

"ಏನ್ರಿ! ಬುದ್ಧನ ತಲೀ ಕಡೆ ತಿರುವ್ರಿ!"

ತಿರುಗಿಸಿದೆ. ಎಡ, ಬಲ ಅಂದಿದ್ದರೆ ಕೆಟ್ಟಿತ್ತು. ನಮ್ಮ ಕಡೆ ಮುಖ ಮಾಡಿ ಬರುವ ವಿಮಾನಕ್ಕೆ ನಮ್ಮ ಎಡವೇ ಬಲ. ಬುದ್ಧ ಮಾತ್ರ ಹೊರಳುವುದಿಲ್ಲ.

"ಸಾಕು, ಸಾಕು! ಈಗ ಕಾಲ ಕಡೆ! ಸೀದಾ ಬರಾಕತ್ತದ… ಇನ್ನ ತಗ್ಗ ಮಾಡ್ರಿ… ಇನ್ನ ಜರಾ… ಅವಸರ ಮಾಡಬ್ಯಾಡ್ರಿ, ನೀವು ಯಾವಾಗ್ಲೂ ಹಿಂಗ! ಹಾಂ… ಎಂಜಿನ್ ಬಂದ್ ಮಾಡ್ರಿ!"

ಬಂದ್ ಮಾಡಿದೆ. ಗಾಲಿ ನೆಲಕ್ಕೆ ತಾಗಿದ ಸದ್ದು. ಮೈದಾನವೆಲ್ಲ ಹೋ ಎಂದಿತು. ಅದೇ ಹೊತ್ತಿಗೆ ಫ್ಲಾಶ್ ಕೂಡ ಹೊಡೆಯಿತು, ಅತಿಥಿಗಳು ಕೈ ತೆಗೆದರು. ಪೇಟ ಎತ್ತಿ ನೋಡುತ್ತೇನೆ: ಸುಣ್ಣದ ಗೆರೆಯ ನಟ್ಟನಡುವೆ ನನ್ನ ಹಳದಿ ವಿಮಾನ, ಒಂದು ಗೀರೂ ಇಲ್ಲದೆ ನಿಂತಿದೆ.

ಮನೆಗೆ ಬಂದ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ ಇಟ್ಟು, ಎದೆ ಸೆಟೆಸಿ ಹೇಳಿದೆ: "ಮಂದಿ ಮುಂದ ಹಾರಿಸ್ದೆ, ಮುರೀದಂಗ ಇಳಿಸ್ದೆ. ಕೋಲಿ ನಂದು."

"ಹಾರಿಸಿದ್ದು ನೀವು ಖರೇ. ಇಳಿಸಿದ್ದು ಯಾರು?"

ಅವಳು ಆಗಲೇ ಟೇಪು ಹಿಡಿದು ಕೋಣೆ ಅಳೆಯುತ್ತಿದ್ದಳು. ಸೋತ ದನಿಯಲ್ಲಿ ಕೇಳಿದೆ: "ಹಂಗಾರ ವಿಮಾನ ಬಿಚ್ಚಲೇನು?"

ಅವಳು ತಿರುಗಿ ನೋಡಿದಳು. ನಿಜವಾಗಿಯೂ ಸಿಟ್ಟು ಬಂದಿತ್ತು.

"ಬಿಚ್ಚಾಕ ಹುಚ್ಚೇನು? ನಾ ಇಳಿಸಿದ ವಿಮಾನ ಅದು! ಮ್ಯಾಲಿನ ತೊಲಿಗೆ ತೂಗು ಹಾಕ್ರಿ, ಇಲ್ಲೇ ಇರ್ತದ. ನಿಮಗೊಬ್ಬರಿಗೇ ಇಲ್ಲಿ ಜಾಗಾ ಇಲ್ಲ."